ಸರಾಸರಿಯಲ್ಲಿ ಕಂಡ ಹೆಚ್ಚಳವು ನಿಜವಾದುದೇ?

ಊರಿನ ಹಿರಿಯರ ಹೊಲದಲ್ಲಿ ಹೊಸ ಪದ್ಧತಿಯೊಂದು ಫಲಿಸಿತೆಂದು ಕೇಳಿಬಂದರೆ, ಮರುವರ್ಷ ನೆರೆಹೊರೆಯ ಒಕ್ಕಲಿಗರೂ ಅದಕ್ಕೆ ಹಣ ಹಾಕುವರು. ಆದುದರಿಂದ ಗ್ರಾಮದ ಮುಖಂಡರು ಮಾಡುವ ಎಣಿಕೆಯಲ್ಲಿ ತಪ್ಪಿದ್ದರೆ ಅದರ ನಷ್ಟವು ಒಂದು ಮನೆಗೆ ನಿಲ್ಲುವದಿಲ್ಲ.

ಹಾನಗಲ್ಲವು ಮಲೆನಾಡಿನ ಸೆರಗು. ಅಲ್ಲಿಂದ ಮೂಡಲಿಗೆ ಸವಣೂರಿನ ಕಡೆಗೆ ಬಂದಂತೆ ಮಳೆಯು ಕಡಿಮೆ. ಹಿರೇಕೆರೂರು, ಶಿಗ್ಗಾವಿಗಳಲ್ಲಿಯೂ ಒಂದು ಹೊಲದ ಮಣ್ಣು ಇನ್ನೊಂದರಂತಿಲ್ಲ. ಹೀಗಿರಲು ಒಂದು ಹೊಲದ ಹೊಸ ಪದ್ಧತಿಯನ್ನು ಮತ್ತೊಂದು ಹೊಲದ ಹಳೆಯ ಪದ್ಧತಿಗೆ ಹೋಲಿಸಿದರೆ ತಿಳಿಯುವದು ಭೂಮಿಯ ಭೇದವೇ ಹೊರತು ಪದ್ಧತಿಯ ಗುಣವಲ್ಲ. ಒಂದೇ ಹೊಲದಲ್ಲಿ ಅಕ್ಕಪಕ್ಕಕ್ಕೆ ಗುಂಟೆಯಷ್ಟರ ಎರಡು ಪಟ್ಟಿ ಹಿಡಿಯಬೇಕು. ಯಾವುದಕ್ಕೆ ಯಾವ ಪದ್ಧತಿಯೆಂಬುದನ್ನು ನಾಣ್ಯ ಚಿಮ್ಮಿ ಗೊತ್ತುಪಡಿಸಬೇಕು. ಮಾಲಕರೇ ಆರಿಸಿದರೆ ತಿಪ್ಪೆಯ ಹತ್ತಿರದ ಪಟ್ಟಿಯು ಹೊಸದರ ಪಾಲಿಗೇ ಬರುವ ಸಂಭವ ಬಹಳ!

ಭತ್ತಕ್ಕೆ ಯೂರಿಯಾ ಮೇಲುಗೊಬ್ಬರವನ್ನು ಒಂದೇ ಸಲ ಕೊಡುವದೋ, ಅಷ್ಟನ್ನೇ ಎರಡು ಸಲ ಹಂಚಿ ಕೊಡುವದೋ ಎಂಬುದು ಪ್ರಶ್ನೆಯೆನ್ನೋಣ. ಆರು ಹೊಲಗಳಲ್ಲಿ ಆರು ಜೋಡಿ ಪಟ್ಟಿಗಳು. ಹಂಚಿ ಕೊಟ್ಟ ಪಟ್ಟಿಯಲ್ಲಿ ಬಂದ ಹೆಚ್ಚಳವು ಕಿಲೋಗಳಲ್ಲಿ 8, ಕಡಿಮೆ 2, 5, 1, 6, 0 ಎಂದು ಭಾವಿಸಿರಿ. ಸರಾಸರಿ 3 ಕಿಲೋ. ಇನ್ನೊಂದು ಊರಿನಲ್ಲಿ 4, 2, 3, 5, 2, 2. ಅಲ್ಲಿಯೂ ಸರಾಸರಿ 3 ಕಿಲೋವೇ. ಆದರೆ ಎರಡಕ್ಕೂ ಒಂದೇ ಬೆಲೆಯಿಲ್ಲ.

ಮೊದಲು ‘ಎರಡು ಪದ್ಧತಿಗಳಲ್ಲಿ ಭೇದವೇ ಇಲ್ಲ’ವೆಂದು ಹಿಡಿಯಬೇಕು, ಇದಕ್ಕೆ ಶೂನ್ಯ ಕಲ್ಪನೆಯೆಂದು ಹೆಸರು. ಪ್ರತಿಯೊಂದು ಅಂಕೆಯು ಸರಾಸರಿಯಿಂದ ಎಷ್ಟು ದೂರವಿದೆಯೆಂಬುದನ್ನು ವರ್ಗಮಾಡಿ ಕೂಡಿಸಿ, ಮೊತ್ತವನ್ನು 5ರಿಂದಲೂ ಅನಂತರ 6ರಿಂದಲೂ ಭಾಗಿಸಿ ವರ್ಗಮೂಲ ತೆಗೆಯಬೇಕು. ಮೊದಲನೆಯ ಊರಿಗೆ ಇದು 1.59, ಎರಡನೆಯದಕ್ಕೆ 0.52. ಇದರಿಂದ ಸರಾಸರಿಯನ್ನು ಭಾಗಿಸಿದರೆ ಕ್ರಮವಾಗಿ ಸುಮಾರು 1.9 ಮತ್ತು 5.8 ಬರುತ್ತವೆ. ಆರು ಜೋಡಿಗಳಿಗೆ ಕೋಷ್ಟಕದಲ್ಲಿರುವ ಮಿತಿಯು 2.57. ನಿಜವಾದ ಭೇದವಿಲ್ಲದಿದ್ದರೆ ಈ ಮಿತಿಯನ್ನು ಮೀರುವ ಸಂಭವವು ನೂರಕ್ಕೆ ಐದು ಮಾತ್ರ. ಎರಡನೆಯ ಊರಿನವರು ಹಂಚಿ ಕೊಡುವದನ್ನು ನಂಬಬಹುದು. ಮೊದಲನೆಯವರು ಇನ್ನೂ ನಂಬಲಾಗದು. ಆದರೆ ಅದು ನಿರುಪಯೋಗಿಯೆಂದು ಸಿದ್ಧವಾಯಿತೆಂದಲ್ಲ. ಅವರು ಮುಂದಿನ ಹಂಗಾಮಿಗೆ ಹತ್ತು ಹನ್ನೆರಡು ಜೋಡಿಗಳನ್ನು ಹಿಡಿದು ನೋಡತಕ್ಕದ್ದು.

ಈ ಲೆಕ್ಕವನ್ನು ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರಖಾನೆಯಲ್ಲಿದ್ದ ವಿಲಿಯಂ ಗಾಸೆಟ್ಟರು 1908ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಿಂದ ಪ್ರಕಟಿಸಿದರು. 1919ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನ ಕೇಂದ್ರವನ್ನು ಸೇರಿದ ಫಿಶರರು ಹೊಲದ ಪ್ರಯೋಗಗಳಿಗೆ ಇದನ್ನು ಅಳವಡಿಸಿದರು. ಭಾರತದಲ್ಲಿ ಪಾನ್ಸೆ, ಸುಖಾತ್ಮೆ ಇವರ ಗ್ರಂಥವು 1954ರಲ್ಲಿ ಹೊರಬಂದಿತು.

ಕೋಷ್ಟಕವು ಲಾಭವನ್ನು ಹೇಳುವದಿಲ್ಲ. ಗುಂಟೆಗೆ 3 ಕಿಲೋ ಎಂದರೆ ಎಕರೆಗೆ 120 ಕಿಲೋ ಭತ್ತ. ಎರಡನೆಯ ಸಲ ಗೊಬ್ಬರ ಎರಚುವ ಆಳಿನ ಕೂಲಿಯನ್ನು ಅದರ ಪೇಟೆಯ ಧಾರಣೆಯೊಡನೆ ಬೇರೆಯಾಗಿ ತೂಗಿ ನೋಡಬೇಕು.