ಮ್ಯಾಚ್ ಮುಗಿದ ಮೇಲೆ ಮನೆ ಸೇರೋದು ಹೇಗೆ? ಊರಿಂದ ಚಿನ್ನಸ್ವಾಮಿಗೆ ಬರೋರಿಗೆ ಒಂದಿಷ್ಟು ಲೆಕ್ಕ

ಇವತ್ತಿನ ಎಪಿಸೋಡ್ ಬೇರೆ ಊರಿಂದ ಬೆಂಗಳೂರಿಗೆ ಮ್ಯಾಚ್ ನೋಡೋಕೆ ಬರೋರಿಗೆ. ಬೆಂಗಳೂರಲ್ಲೇ ಇರೋರು ಕೇಳಿ, ಆಮೇಲೆ ಊರಲ್ಲಿರೋ ನಿಮ್ಮ ಕಸಿನ್‌ಗೆ ಫಾರ್ವರ್ಡ್ ಮಾಡಿ.

2024ರ ಮೇ 18, ಶನಿವಾರ. ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಆರ್‌ಸಿಬಿ ಮತ್ತು ಚೆನ್ನೈ. ಸುಮ್ನೆ ಗೆದ್ದರೆ ಸಾಲದು, 18 ರನ್‌ಗಳ ಅಂತರದಲ್ಲಾದ್ರೂ ಗೆಲ್ಲಬೇಕು, ಆಗ ಮಾತ್ರ ಪ್ಲೇಆಫ್. ನಾನು, ನಮ್ಮ ಚಿಕ್ಕಪ್ಪನ ಮಗ ಇಬ್ಬರೂ ದಾವಣಗೆರೆಯಿಂದ ಬಂದಿದ್ವಿ. ಮಧ್ಯೆ ಮಳೆ ಬಂದು ಆಟ ನಿಂತಿತು, ಮತ್ತೆ ಶುರುವಾಯ್ತು. ಕೊನೇ ಓವರ್‌ನ ಮೊದಲ ಬಾಲ್ ಧೋನಿ ಸಿಕ್ಸ್ ಹೊಡೆದರು, ಎರಡನೇ ಬಾಲ್ ಔಟ್. ಯಶ್ ದಯಾಳ್ ಓವರ್ ಮುಗಿಸಿದಾಗ ಆರ್‌ಸಿಬಿ 27 ರನ್‌ಗಳಿಂದ ಗೆದ್ದಿತ್ತು. ನನ್ನ ಗಂಟಲು ಹೋಗಿತ್ತು.

ಇದು ಎಲ್ಲರೂ ಹೇಳೋ ಕಥೆ. ಆಮೇಲಿನ ಕಥೆ ಯಾರೂ ಸ್ಟೇಟಸ್‌ಗೆ ಹಾಕಲ್ಲ. ಆಟ ಮುಗಿದಾಗ ಮಧ್ಯರಾತ್ರಿ ಹತ್ತಿರ. ಮೆಜೆಸ್ಟಿಕ್‌ನಿಂದ ಹನ್ನೆರಡೂವರೆಗೆ ನಮ್ಮ ಬಸ್ಸು. ಗೇಟಿನಿಂದ ರಸ್ತೆಗೆ ಬರೋಕೇ ಅರ್ಧ ಗಂಟೆ ಹಿಡೀತು. ಕ್ಯಾಬ್ ಆ್ಯಪ್ ಸುತ್ತುತ್ತಾನೇ ಇದೆ, ಗಾಡಿ ಸಿಗ್ತಿಲ್ಲ. ಒಬ್ಬ ಆಟೋದವರು ಮೆಜೆಸ್ಟಿಕ್‌ಗೆ 900 ರೂಪಾಯಿ ಅಂದ್ರು. ತಮ್ಮ, "ಅಣ್ಣಾ, ಫೋನ್ ಬಂದ್ ಆತು, ಬಸ್ ಟಿಕೆಟ್ ಅದ್ರಾಗೇ ಐತಿ" ಅಂದ. ನಾಲ್ಕು ಕಿಲೋಮೀಟರ್ ಹತ್ತಿರ ನಡೆದು ಮೆಜೆಸ್ಟಿಕ್ ಮುಟ್ಟಿದಾಗ ಬಸ್ ಹೋಗಿತ್ತು. ಬಸ್ ಸ್ಟ್ಯಾಂಡ್ ಬೆಂಚಿನ ಮೇಲೆ ಬೆಳಗು ಮಾಡಿದ್ವಿ.

ತಪ್ಪು ನಮ್ಮದೇ. ನಾವು ಟಿಕೆಟ್‌ಗೆ ಎರಡು ವಾರ ತಲೆ ಕೆಡಿಸಿಕೊಂಡಿದ್ವಿ, ವಾಪಸ್ ಹೋಗೋದಕ್ಕೆ ಎರಡು ನಿಮಿಷ.

ಸ್ಟೇಡಿಯಂಗೆ ಬರೋದು ಸುಲಭ, ಹೋಗೋದು ಕಷ್ಟ. ಯಾಕೆ ಅಂತ ನೋಡಿ. ಏಳೂವರೆ ಮ್ಯಾಚಿಗೆ ಜನ ಸಂಜೆ ನಾಲ್ಕೂವರೆಯಿಂದ ಬರ್ತಾ ಇರ್ತಾರೆ. ಮೂವತ್ತು ಸಾವಿರಕ್ಕೂ ಹೆಚ್ಚು ಜನ ಮೂರು ಗಂಟೆಯಲ್ಲಿ ಹರಡಿಕೊಂಡು ಒಳಗೆ ಹೋಗ್ತಾರೆ. ಹೊರಗೆ ಬರುವಾಗ ಅದೇ ಜನ ಅರ್ಧ ಗಂಟೆಯೊಳಗೆ, ಅದೇ ಕಬ್ಬನ್ ರೋಡ್, ಕ್ವೀನ್ಸ್ ರೋಡ್, ಎಂಜಿ ರೋಡ್‌ಗೆ ಇಳೀತಾರೆ. ಬೇಡಿಕೆ ಒಂದೇ ಸಲ ಆರು ಪಟ್ಟು, ಆಟೋ ಇರೋದು ಅಷ್ಟೇ. ಬಿಕಾಂ ಮೊದಲ ವರ್ಷದಲ್ಲಿ ಓದಿದ ಡಿಮ್ಯಾಂಡ್–ಸಪ್ಲೈ ಪಾಠ ನನಗೆ ಪೂರ್ತಿ ಅರ್ಥವಾಗಿದ್ದು ಅವತ್ತು ರಾತ್ರಿ. ಎಲ್ಲರೂ ಒಟ್ಟಿಗೆ ಫೋನ್ ತೆಗೆಯೋದರಿಂದ ನೆಟ್‌ವರ್ಕ್ ಕೂಡ ಮಲಗಿಬಿಡುತ್ತೆ. ನೆಟ್‌ವರ್ಕ್ ಇಲ್ಲ ಅಂದ್ರೆ ಕ್ಯಾಬ್ ಇಲ್ಲ, ಯುಪಿಐ ಇಲ್ಲ, ಮ್ಯಾಪ್ ಇಲ್ಲ.

ಅದಕ್ಕೇ ನಾನೀಗ ಪ್ಲಾನ್‌ನ ಹಿಂದಿನಿಂದ ಮಾಡ್ತೀನಿ. ಮೊದಲು ರಾತ್ರಿ ಎಲ್ಲಿ ಮಲಗೋದು, ಆಮೇಲೆ ಅಲ್ಲಿಗೆ ಹೇಗೆ ಹೋಗೋದು, ಕೊನೆಗೆ ಟಿಕೆಟ್. ಏಳೂವರೆ ಮ್ಯಾಚು ಮಳೆ ಇಲ್ಲದಿದ್ರೂ ಹನ್ನೊಂದು ದಾಟುತ್ತೆ. ಹಾಗಾಗಿ ಅದೇ ರಾತ್ರಿಯ ಬಸ್ಸು, ರೈಲು ಬುಕ್ ಮಾಡೋದು ಜೂಜು. ಬೆಳಗಿನ ಜಾವದ್ದು ಮಾಡಿ, ಅಥವಾ ನೆಂಟರ ಮನೆಗೆ ಮೊದಲೇ ಹೇಳಿಡಿ. ಮಧ್ಯಾಹ್ನ ಮೂರೂವರೆ ಮ್ಯಾಚ್ ಸಿಕ್ಕರೆ ಊರಿಂದ ಬರೋರಿಗೆ ಅದೇ ಬೆಸ್ಟ್, ಬಿಸಿಲು ಒಂದು ಬಿಟ್ರೆ.

ಮೆಟ್ರೋ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ. ಮೆಜೆಸ್ಟಿಕ್‌ನಲ್ಲಿ ಇಳಿದ್ರೆ ನೇರಳೆ ಮಾರ್ಗ ಹಿಡೀರಿ. ಸೆಂಟ್ರಲ್ ಕಾಲೇಜು, ವಿಧಾನಸೌಧ, ಆಮೇಲೆ ಕಬ್ಬನ್ ಪಾರ್ಕ್. ಮೂರನೇ ಸ್ಟೇಷನ್. ಅದರ ಮುಂದಿನದು ಎಂಜಿ ರೋಡ್, ಅದೂ ಹತ್ತಿರ. ಐಪಿಎಲ್ ದಿನಗಳಲ್ಲಿ ಕೊನೇ ರೈಲಿನ ಸಮಯವನ್ನ ಮುಂದಕ್ಕೆ ಹಾಕೋದು ವಾಡಿಕೆ, ಆದರೆ ಎಷ್ಟು ಗಂಟೆವರೆಗೆ ಅನ್ನೋದು ಬದಲಾಗುತ್ತೆ. ನಮ್ಮ ಮೆಟ್ರೋದ ಪ್ರಕಟಣೆಯನ್ನ ಅವತ್ತು ಬೆಳಗ್ಗೆ ನೋಡಿ. ವಾಪಸ್ ಟಿಕೆಟ್ ಬರುವಾಗಲೇ ತಗೊಳ್ಳಿ, ಇಲ್ಲ ಕಾರ್ಡ್‌ಗೆ ದುಡ್ಡು ಹಾಕಿಡಿ.

ಇನ್ನೊಂದು ಸಣ್ಣ ಉಪಾಯ. ಮ್ಯಾಚ್ ಬಿಟ್ಟ ಮೇಲೆ ಎಲ್ಲರೂ ಕಬ್ಬನ್ ಪಾರ್ಕ್ ಸ್ಟೇಷನ್‌ಗೇ ನುಗ್ಗುತ್ತಾರೆ. ಮೆಜೆಸ್ಟಿಕ್ ಕಡೆ ಹೋಗೋರು ಎಂಜಿ ರೋಡ್‌ಗೆ ನಡೀರಿ. ಆ ದಿಕ್ಕಿನ ರೈಲು ಎಂಜಿ ರೋಡ್‌ಗೆ ಮೊದಲು ಬರುತ್ತೆ, ಕಬ್ಬನ್ ಪಾರ್ಕ್‌ಗೆ ಆಮೇಲೆ. ಅಂದ್ರೆ ಗುಂಪಿಗಿಂತ ಒಂದು ಸ್ಟೇಷನ್ ಮುಂಚೆ ನೀವು ಒಳಗಿರ್ತೀರಿ. ವೈಟ್‌ಫೀಲ್ಡ್ ಕಡೆಯವರು ಇದೇ ಲೆಕ್ಕದಲ್ಲಿ ವಿಧಾನಸೌಧ ಸ್ಟೇಷನ್‌ಗೆ ನಡೆಯಬಹುದು. ಹತ್ತು ಹದಿನೈದು ನಿಮಿಷ ಕಾಲು ನೋಯುತ್ತೆ, ಅಷ್ಟೇ.

ಈಗ ದುಡ್ಡು. ಐಪಿಎಲ್ ಟಿಕೆಟ್ ಮೇಲಿನ ಜಿಎಸ್‌ಟಿ 28% ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 40% ಆಗಿದೆ. ಮೂಲ ಬೆಲೆ ಸಾವಿರ ಅಂದ್ರೆ ಮೊದಲು 1,280 ಕೊಡ್ತಿದ್ವಿ, ಈಗ 1,400. ಸಾವಿರದ ಟಿಕೆಟ್ ಬೆಂಗಳೂರಲ್ಲಿ ಎಲ್ಲಿದೆ ಅಂತ ಕೇಳಬೇಡಿ, ಲೆಕ್ಕಕ್ಕೆ ಹೇಳಿದೆ. ಆದರೆ ಈ 40% ಎಲ್ಲ ಆಟಕ್ಕೂ ಅಲ್ಲ. ಮಾನ್ಯತೆ ಪಡೆದ ಬೇರೆ ಕ್ರೀಡಾಕೂಟಗಳಿಗೆ 500 ರೂಪಾಯಿವರೆಗಿನ ಟಿಕೆಟ್‌ಗೆ ಜಿಎಸ್‌ಟಿನೇ ಇಲ್ಲ, ಅದಕ್ಕಿಂತ ಹೆಚ್ಚಿದ್ರೆ 18%. ಹಾಗಾಗಿ ಕ್ರಿಕೆಟ್ ಒಂದೇ ಆಟ ಅಂದುಕೋಬೇಡಿ. 2025ರ ಜುಲೈ 5ರಂದು ಕಂಠೀರವ ಸ್ಟೇಡಿಯಂನಲ್ಲಿ ನಡೆದ ನೀರಜ್ ಚೋಪ್ರಾ ಕ್ಲಾಸಿಕ್‌ನ ಟಿಕೆಟ್ ಶುರುವಾಗಿದ್ದು 199 ರೂಪಾಯಿಗೆ. ನೀರಜ್ 86.18 ಮೀಟರ್ ಎಸೆದು ಗೆದ್ದರು. ಒಲಿಂಪಿಕ್ ಚಾಂಪಿಯನ್ ಆದವರನ್ನ 199ಕ್ಕೆ ನೋಡೋದು! ರಣಜಿ ಮ್ಯಾಚ್‌ಗೆ ಸಾಮಾನ್ಯವಾಗಿ ಟಿಕೆಟ್ಟೇ ಇರಲ್ಲ, ನೆರಳಲ್ಲಿ ಕೂತು ದಿನವಿಡೀ ನೋಡಬಹುದು. ಮೊದಲ ಸಲ ದೊಡ್ಡ ಸ್ಟೇಡಿಯಂ ನೋಡೋರಿಗೆ ನಾನು ಇದನ್ನೇ ಹೇಳೋದು.

ಬ್ಲ್ಯಾಕ್ ಟಿಕೆಟ್ ಬಗ್ಗೆ ಒಂದೇ ಮಾತು. ವಾಟ್ಸ್‌ಆ್ಯಪ್‌ನಲ್ಲಿ ಬರೋ ಕ್ಯೂಆರ್ ಚಿತ್ರವನ್ನ ಮಾರೋನು ಹತ್ತು ಜನಕ್ಕೆ ಕಳಿಸಿರಬಹುದು. ಯಾರು ಮೊದಲು ಸ್ಕ್ಯಾನ್ ಮಾಡ್ತಾರೋ ಅವರು ಒಳಗೆ. ಉಳಿದ ಒಂಬತ್ತು ಜನರಲ್ಲಿ ಐನೂರು ಕಿಲೋಮೀಟರ್ ದೂರದಿಂದ ಬಂದೋರು ನೀವಾಗಿರಬಹುದು.

ಮಳೆ ವಿಷಯಾನೂ ಇಲ್ಲೇ ಹೇಳಿಬಿಡ್ತೀನಿ. 2025ರ ಮೇ 17ರ ಆರ್‌ಸಿಬಿ–ಕೋಲ್ಕತ್ತಾ ಮ್ಯಾಚ್ ಒಂದು ಬಾಲ್ ಕೂಡ ಹಾಕದೆ ರದ್ದಾಯ್ತು, ಟಿಕೆಟ್ ದುಡ್ಡು ವಾಪಸ್ ಕೊಟ್ಟರು. ಆದರೆ ಬಸ್ ಚಾರ್ಜು, ರೂಮ್ ಬಾಡಿಗೆ ಯಾರು ಕೊಡ್ತಾರೆ? ಬಜೆಟ್ ಹಾಕುವಾಗ ಇದನ್ನ ಹೋದ ದುಡ್ಡು ಅಂತಾನೇ ಬರ್ಕೊಳ್ಳಿ. ಒಂದು ಬಾಲ್ ಬಿದ್ದರೂ ಸಾಮಾನ್ಯವಾಗಿ ರೀಫಂಡ್ ಇಲ್ಲ.

ಬ್ಯಾಗ್ ಒಳಗೆ ಬಿಡಲ್ಲ. ನೀರಿನ ಬಾಟಲಿ, ಛತ್ರಿ, ಹೆಲ್ಮೆಟ್, ಲೈಟರ್ ಇವೂ ಇಲ್ಲ. ಪವರ್ ಬ್ಯಾಂಕ್ ಕೂಡ ಹೆಚ್ಚಿನ ಸಲ ಗೇಟಲ್ಲೇ ಉಳಿಯುತ್ತೆ. ಊರಿಂದ ತಂದ ಬ್ಯಾಗನ್ನ ರೈಲ್ವೆ ಸ್ಟೇಷನ್‌ನ ಕ್ಲೋಕ್ ರೂಮಲ್ಲಿ ಇಡಬಹುದು, ಆದರೆ ಬೀಗ ಹಾಕಿರಬೇಕು, ರೈಲು ಟಿಕೆಟ್ ಇರಬೇಕು. ಐವತ್ತು ರೂಪಾಯಿಯ ಸಣ್ಣ ಬೀಗ ಮನೆಯಿಂದಲೇ ತನ್ನಿ. ಜೇಬಲ್ಲಿ ಐನೂರು ರೂಪಾಯಿಗೆ ಚಿಲ್ಲರೆ ನೋಟು, ಒಂದು ಚೀಟಿಯಲ್ಲಿ ಪಿಎನ್‌ಆರ್ ನಂಬರ್, ಮನೆಯವರ ನಂಬರ್. ಹಳೇ ಕಾಲದವರ ಥರ ಅನ್ಸುತ್ತೆ, ಫೋನ್ ಸತ್ತಾಗ ಇದೇ ಉಳಿಯೋದು.

ಇಷ್ಟು ಹೊತ್ತು ತಮಾಷೆಯಾಗಿ ಮಾತಾಡಿದ್ವಿ. ಮುಂದಿನ ಭಾಗ ಹಾಗಲ್ಲ.

2025ರ ಜೂನ್ 3ರಂದು ಅಹಮದಾಬಾದ್‌ನಲ್ಲಿ ಆರ್‌ಸಿಬಿ ಪಂಜಾಬ್ ವಿರುದ್ಧ 6 ರನ್‌ಗಳಿಂದ ಗೆದ್ದು ಮೊದಲ ಸಲ ಐಪಿಎಲ್ ಕಪ್ ಎತ್ತಿತು. ಮರುದಿನ ಜೂನ್ 4, ಬುಧವಾರ, ಚಿನ್ನಸ್ವಾಮಿಯಲ್ಲಿ ಸಂಭ್ರಮ. ಮೆರವಣಿಗೆ ಇದೆಯಾ ಇಲ್ವಾ ಅನ್ನೋ ಗೊಂದಲ, ಒಳಗೆ ಉಚಿತವಾಗಿ ಬಿಡ್ತಾರಂತೆ ಅನ್ನೋ ಮಾತು. ಸ್ಟೇಡಿಯಂ ಹಿಡಿಸೋದಕ್ಕಿಂತ ಎಷ್ಟೋ ಪಟ್ಟು ಜನ ಸುತ್ತಲಿನ ರಸ್ತೆಗಳಲ್ಲಿ ಸೇರಿದರು. ಗೇಟುಗಳ ಹತ್ತಿರದ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಹೆಚ್ಚಿನವರು ನಮ್ಮ ವಯಸ್ಸಿನವರು, ನಮಗಿಂತ ಚಿಕ್ಕವರು. ಹೊರ ಜಿಲ್ಲೆಯವರೂ ಇದ್ದರು.

ಕಾಲ್ತುಳಿತ ಅಂತೀವಲ್ಲ, ಆ ಪದ ಸ್ವಲ್ಪ ದಾರಿ ತಪ್ಪಿಸುತ್ತೆ. ಜನ ಓಡಿದರು, ತುಳಿದರು ಅನ್ನೋ ಚಿತ್ರ ಬರುತ್ತೆ. ಇಂಥ ಕಡೆ ಹೆಚ್ಚಿನ ಸಾವು ಆಗೋದು ಉಸಿರು ಕಟ್ಟಿ, ಎಷ್ಟೋ ಸಲ ನಿಂತಲ್ಲೇ. ಒಂದು ಚದರ ಮೀಟರ್ ಜಾಗದಲ್ಲಿ ಐದಾರು ಜನಕ್ಕಿಂತ ಹೆಚ್ಚು ನಿಂತ್ರೆ, ನಿಮ್ಮ ಮೈ ನಿಮ್ಮ ಮಾತು ಕೇಳಲ್ಲ. ಗುಂಪು ನೀರಿನ ಥರ ಅಲೆ ಏಳುತ್ತೆ. ಹಿಂದಿನವರಿಗೆ ಮುಂದೆ ಗೇಟ್ ಮುಚ್ಚಿದೆ ಅಂತ ಗೊತ್ತಿರಲ್ಲ, ಅವರು ಸ್ವಲ್ಪ ಸ್ವಲ್ಪ ಒತ್ತುತ್ತಾರೆ. ಆ ಎಲ್ಲ ಒತ್ತಡ ಮುಂದಿನವರ ಎದೆ ಮೇಲೆ ಬೀಳುತ್ತೆ, ಎದೆ ಹಿಗ್ಗೋಕೆ ಜಾಗ ಇರಲ್ಲ. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನ ಫುಟ್‌ಬಾಲ್ ಮ್ಯಾಚ್‌ನಲ್ಲಿ 16 ಜನ ಸತ್ತಿದ್ದರು. ಇಂಗ್ಲೆಂಡ್‌ನ ಹಿಲ್ಸ್‌ಬರೋದಲ್ಲಿ 1989ರ ನೂಕುನುಗ್ಗಲಿಗೆ ಬಲಿಯಾದವರು 97. ವ್ಯವಸ್ಥೆ ಮಾಡಬೇಕಾದವರ ಜವಾಬ್ದಾರಿ ಇದು, ಅನುಮಾನವೇ ಇಲ್ಲ. ಸತ್ತವರ ಮೇಲೆ "ಯಾಕೆ ಹೋಗಬೇಕಿತ್ತು" ಅಂತ ಹಾಕೋ ಕಾಮೆಂಟ್ ನೋಡಿದ್ರೆ ನನಗೆ ಸಿಟ್ಟು ಬರುತ್ತೆ.

ಆದರೂ ಅಂಥ ಜಾಗದಲ್ಲಿ ನೀವಿದ್ರೆ ಏನು ಮಾಡಬೇಕು ಅನ್ನೋದು ಗೊತ್ತಿರಲಿ. ನಾಲ್ಕೂ ಕಡೆಯಿಂದ ಮೈ ತಾಗೋಕೆ ಶುರುವಾಯ್ತು ಅಂದ್ರೆ ಅದೇ ಹೊರಡೋ ಹೊತ್ತು. ಕೈ ಎತ್ತೋಕೆ ಆಗದಷ್ಟು ಆಗೋವರೆಗೆ ಕಾಯಬೇಡಿ. ಸಿಕ್ಕಿಹಾಕಿಕೊಂಡ್ರೆ ಎರಡೂ ಕೈಯನ್ನ ಮಡಚಿ ಎದೆ ಮುಂದೆ ಹಿಡೀರಿ, ಬಾಕ್ಸರ್ ಥರ. ಉಸಿರಿಗೆ ಒಂದು ಗೇಣು ಜಾಗ ಸಿಗುತ್ತೆ. ಕೂಗಬೇಡಿ, ಉಸಿರು ಖರ್ಚಾಗುತ್ತೆ. ಅಲೆಯ ವಿರುದ್ಧ ತಳ್ಳಬೇಡಿ, ಅದು ನಿಂತಾಗ ಓರೆಯಾಗಿ ಅಂಚಿನ ಕಡೆ ಸರೀರಿ. ಆದರೆ ಗೋಡೆ, ಬ್ಯಾರಿಕೇಡ್, ಮುಚ್ಚಿದ ಗೇಟಿಗೆ ಆತುಕೊಂಡು ನಿಲ್ಲಬೇಡಿ. ಫೋನ್ ಬಿತ್ತು, ಚಪ್ಪಲಿ ಬಿತ್ತು ಅಂತ ಬಗ್ಗಬೇಡಿ. ಪಕ್ಕದವರು ಬಿದ್ರೆ ಕೈ ಹಿಡಿದು ಎಬ್ಬಿಸಿ. ನೀವೇ ಬಿದ್ದು ಏಳೋಕೆ ಆಗದಿದ್ರೆ ಅಂಗಾತ ಮಲಗದೆ ಪಕ್ಕಕ್ಕೆ ಮುದುರಿಕೊಂಡು ತಲೆ ಮುಚ್ಚಿಕೊಳ್ಳಿ.

ಇನ್ನೊಂದು: ಟಿಕೆಟ್ ಇಲ್ಲದೆ, "ಅಲ್ಲಿ ಹೋಗಿ ನೋಡೋಣ" ಅಂತ ಗೇಟ್ ಹತ್ತಿರ ಹೋಗಬೇಡಿ. ಟಿಕೆಟ್ ಇದ್ರೆ ಅದರ ಮೇಲಿರೋ ಗೇಟ್ ನಂಬರ್ ಯಾವ ರಸ್ತೆಯಲ್ಲಿದೆ ಅಂತ ಹಗಲಲ್ಲೇ ನೋಡಿಕೊಳ್ಳಿ. ತಪ್ಪು ಗೇಟಿಗೆ ಹೋದ್ರೆ ಇಡೀ ಗುಂಪಿನ ಎದುರಿಗೆ ಸುತ್ತು ಹಾಕಬೇಕು. ಸ್ಟೇಷನ್ ಮೇಲೂ ಪೂರ್ತಿ ನಂಬಿಕೆ ಬೇಡ. ಜೂನ್ 4ರಂದು ಜನ ಜಾಸ್ತಿಯಾಗಿ ಕಬ್ಬನ್ ಪಾರ್ಕ್, ವಿಧಾನಸೌಧ ಸ್ಟೇಷನ್‌ಗಳಲ್ಲಿ ರೈಲು ನಿಲ್ಲಿಸೋದನ್ನೇ ಬಿಟ್ಟಿದ್ದರು. ಎರಡನೇ ದಾರಿ ತಲೆಯಲ್ಲಿರಲಿ.

ಮತ್ತೆ, ಜೊತೆಗೆ ಬಂದವರು ತಪ್ಪಿಸಿಕೊಂಡ್ರೆ ಎಲ್ಲಿ ಸೇರೋದು? "ಗೇಟ್ ಹತ್ತಿರ" ಅಂತ ಮಾತ್ರ ಹೇಳ್ಕೋಬೇಡಿ, ಎಲ್ಲ ಗೇಟೂ ರಾತ್ರಿ ಒಂದೇ ಥರ ಕಾಣುತ್ತೆ. ನಾನು, ನಮ್ಮ ತಮ್ಮ ಈಗ ಎಂಜಿ ರೋಡ್‌ನ ಗಾಂಧಿ ಪ್ರತಿಮೆ ಅಂತ ಇಟ್ಕೊಂಡಿದ್ದೀವಿ. ಸ್ಟೇಡಿಯಂನಿಂದ ಸ್ವಲ್ಪ ದೂರ, ಯಾರನ್ನ ಕೇಳಿದ್ರೂ ತೋರಿಸ್ತಾರೆ, ಫೋನ್ ಬೇಕಿಲ್ಲ. ಮೊದಲು ಬಂದವರು ಕಾಯೋದು, ಅಷ್ಟೇ ರೂಲು.