ಬಾಡಿ ಚೇತರಿಸಿಕೊಂಡ ಪೈರು

ಮುಂಗಾರು ನಡುವೆ ಕೈಕೊಟ್ಟು ಶಿರಾ ಸೀಮೆಯ ಕಡಲೆಕಾಯಿ, ರಾಗಿ ಹೊಲಗಳು ಬಾಡಿ ನಿಂತಾಗಲೂ ಬದುವಿನ ಕಾಂಗ್ರೆಸ್ ಗಿಡ ಬಿಳಿ ಹೂ ಬಿಟ್ಟುಕೊಂಡು ಸೊಂಪಾಗಿರುತ್ತದೆ. ಅದರ ಎಲೆಯನ್ನು ಭೂತಗನ್ನಡಿಯಲ್ಲಿ ನೋಡಿ: ಮೈತುಂಬ ಸಣ್ಣ ರೋಮಗಳು. ಪಾರ್ಥೆನಿನ್ ಎಂಬ ಕಹಿ ರಾಸಾಯನಿಕದ ಉಗ್ರಾಣ ಅವೇ. ಎಲೆ ಉದುರಿ ಕೊಳೆತರೆ, ಮಳೆಗೆ ತೊಳೆದರೆ ಅದು ಮಣ್ಣಿಗಿಳಿದು ಪಕ್ಕದ ಸಸಿಯ ಮೊಳಕೆಯನ್ನೂ ಬೇರನ್ನೂ ಕುಗ್ಗಿಸುತ್ತದೆ. ಫೆರುಲಿಕ್‌ನಂಥ ಫೀನಾಲಿಕ್ ಆಮ್ಲಗಳೂ ಜೊತೆಗಿವೆ. ಗಿಡಗಳ ನಡುವಿನ ಈ ರಾಸಾಯನಿಕ ವ್ಯವಹಾರಕ್ಕೆ 1937ರಲ್ಲಿ ಸಸ್ಯವಿಜ್ಞಾನಿ ಹಾನ್ಸ್ ಮೋಲಿಶ್ ಅಲಿಲೋಪತಿ ಎಂದು ಹೆಸರಿಟ್ಟ.

ಒಮ್ಮೆ ಬಾಡಿ ಎದ್ದ ಸಸಿಗೆ ಈ ವಿಷ ಕಡಿಮೆ ತಟ್ಟೀತೇ? ಅದು ಬಾಡಿದ್ದು ವಿಷ ತಟ್ಟುವ ಮುಂಚೆಯೋ, ತಟ್ಟುವಾಗಲೋ ಎನ್ನುವುದರ ಮೇಲಿದೆ.

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಎಂ. ಉದಯಕುಮಾರ್ ಅವರ ತಂಡ ಬೆಳೆಸಿದ ಪರೀಕ್ಷಾ ವಿಧಾನವೊಂದಿದೆ. ಮೊಳಕೆಗಳಿಗೆ ಮೊದಲು ತಡೆದುಕೊಳ್ಳುವಷ್ಟು ಬಿಸಿ ಕೊಡುತ್ತಾರೆ, ಆಮೇಲೆ ಕೊಲ್ಲುವಷ್ಟು. ಮೊದಲ ಬಿಸಿ ಕಂಡವು ಹೆಚ್ಚಾಗಿ ಬದುಕುತ್ತವೆ. ಕಡಲೆಕಾಯಿಯಲ್ಲೂ ಹೀಗೇ: ಹೂ ಬಿಡುವ ಮುಂಚೆ ಕೆಲಕಾಲ ನೀರು ತಡೆದು ಮತ್ತೆ ಕೊಟ್ಟರೆ ಇಳುವರಿ ಏರಿದ್ದನ್ನು ಇಕ್ರಿಸಾಟ್ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1985ರಲ್ಲಿ ವರದಿ ಮಾಡಿದ್ದರು.

ಒಣಗಿದಾಗ, ಕಾದಾಗ ಜೀವಕೋಶದೊಳಗೆ ಆಮ್ಲಜನಕದ ಉಗ್ರ ರೂಪಗಳು ಹುಟ್ಟುತ್ತವೆ. ಅವನ್ನು ತಣಿಸುವ ಕ್ಯಾಟಲೇಸ್‌ನಂಥ ಕಿಣ್ವಗಳನ್ನು ಸಸಿ ಹೆಚ್ಚು ತಯಾರಿಸುತ್ತದೆ. ಅಲಿಲೋಪತಿಯ ಅನೇಕ ರಾಸಾಯನಿಕಗಳೂ ಇದೇ ಹಾನಿ ಮಾಡುತ್ತವೆ. ಹಾಗಾಗಿ ಬಿಸಿಲಿಗೆಂದು ಮಾಡಿಕೊಂಡ ಸಿದ್ಧತೆ ವಿಷಕ್ಕೂ ಒದಗಬಹುದು. ಆದರೆ ಚೇತರಿಸಿಕೊಳ್ಳಲು ಬಿಡುವು ಸಿಕ್ಕಿರಬೇಕು, ಮೊದಲ ಪೆಟ್ಟು ಲಘುವಾಗಿರಬೇಕು. ಈ ಷರತ್ತನ್ನು ಮರೆತು "ಕಷ್ಟ ಗಿಡಕ್ಕೆ ಒಳ್ಳೆಯದು" ಎನ್ನುವವರೇ ಜಾಸ್ತಿ.

ಬಿಸಿಲೂ ವಿಷವೂ ಒಟ್ಟಿಗೆ ಬಂದರೆ ಲೆಕ್ಕ ತಿರುಗುಮುರುಗು. 1984ರಲ್ಲಿ ಐನ್‌ಹೆಲಿಗ್ ಮತ್ತು ಎಕ್‌ರಿಚ್ ಎಂಬ ಸಂಶೋಧಕರು ಜೋಳ, ಸೋಯಾ ಸಸಿಗಳ ಮೇಲೆ ಫೆರುಲಿಕ್ ಆಮ್ಲ ಪ್ರಯೋಗಿಸಿದಾಗ, ತಂಪಿನಲ್ಲಿ ಏನೂ ಮಾಡದ ಪ್ರಮಾಣವೇ ಸೆಕೆಯಲ್ಲಿ ಬೆಳವಣಿಗೆ ತಡೆಯಿತು. ಈ ಆಮ್ಲ ಬೇರು ನೀರು ಹೀರುವುದನ್ನೇ ತಗ್ಗಿಸುತ್ತದೆ. ಬಾಯಾರಿದ ಸಸಿಗೆ ಅದು ಎರಡನೇ ಬರ. ಮೇಲಾಗಿ ಪಾರ್ಥೆನಿನ್ ಒಡೆಯುವ ಮಣ್ಣಿನ ಸೂಕ್ಷ್ಮಜೀವಿಗಳೂ ತೇವವಿಲ್ಲದೆ ನಿಧಾನವಾಗುತ್ತವೆ.

ಆದ್ದರಿಂದ ಕಾಂಗ್ರೆಸ್ ಗಿಡವನ್ನು ಬಿತ್ತನೆಯ ಹಿಂದಿನ ದಿನ ಮಣ್ಣಿಗೆ ಉತ್ತು ಸೇರಿಸುವುದಕ್ಕಿಂತ, ಹೂ ಬಿಡುವ ಮೊದಲೇ ಕೈಗವುಸು ಹಾಕಿ ಕಿತ್ತು ಹೊಲದಾಚೆ ಕೊಳೆಯಲು ಬಿಡುವುದು ಲೇಸು.