ಬಾರದವರನ್ನು ಹುಡುಕಿಕೊಂಡು ಹೋಗೋಣ: ಸಹವಿಶ್ವಾಸಿಗಳ ಕಾಳಜಿ ನಮ್ಮೆಲ್ಲರ ಹೊಣೆ

ಭಾನುವಾರದ ಬಲಿಪೂಜೆ ಮುಗಿಸಿ ಚರ್ಚ್ ಅಂಗಳಕ್ಕೆ ಬಂದಾಗ ನಾವು ಎಷ್ಟೋ ಜನರನ್ನು ಮಾತನಾಡಿಸುತ್ತೇವೆ. ಮಳೆ, ಅಡಿಕೆ ಧಾರಣೆ, ಮೀನಿನ ಬೆಲೆ, ಊರಿಗೆ ಬಂದವರು, ಊರು ಬಿಟ್ಟವರು ಎಲ್ಲವೂ ಮಾತಿಗೆ ಬರುತ್ತವೆ. ಆದರೆ ‘ಇವತ್ತು ಪೂಜೆಗೆ ಯಾರು ಬರಲಿಲ್ಲ?’ ಎಂಬ ಪ್ರಶ್ನೆ ನಮ್ಮ ಬಾಯಿಂದ ಬರುವುದು ಕಡಿಮೆ. ಬಂದವರನ್ನು ಕಂಡು ಸಂತೋಷಪಡುವುದು ಸುಲಭ. ಬಾರದವರನ್ನು ನೆನೆಯಲು ಸ್ವಲ್ಪ ಪ್ರೀತಿ ಬೇಕು.

ನಮ್ಮ ವಾಳೆಯಲ್ಲೇ ನಡೆದ ಒಂದು ಸಂಗತಿಯನ್ನು ನಾಚಿಕೆಯಿಂದಲೇ ಹೇಳಬೇಕಾಗಿದೆ. ಪಕ್ಕದ ಬಾಗಿಲ ಬಳಿಯ ಬೆಂಚಿನಲ್ಲಿ ಪ್ರತಿ ಭಾನುವಾರ ಕುಳಿತುಕೊಳ್ಳುತ್ತಿದ್ದ ಅಜ್ಜಿಯೊಬ್ಬರು ಕೆಲವು ವಾರ ಕಾಣಲಿಲ್ಲ. ಮುಂಬಯಿಯ ಮಗಳ ಮನೆಗೆ ಹೋಗಿರಬೇಕು ಎಂದು ನಾವೆಲ್ಲ ಅಂದುಕೊಂಡೆವು. ಯಾರೂ ವಿಚಾರಿಸಲಿಲ್ಲ. ಎರಡು ತಿಂಗಳ ನಂತರ ಚರ್ಚಿನ ವಾರ್ಷಿಕ ವಂತಿಗೆ ಕೇಳಲು ಗುರಿಕಾರರೊಡನೆ ಹೋದಾಗಲೇ ನಮಗೆ ವಿಷಯ ತಿಳಿದದ್ದು. ಅವರು ಬಚ್ಚಲುಮನೆಯಲ್ಲಿ ಜಾರಿಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡು ಮಲಗಿದ್ದರು. ಅಷ್ಟು ದಿನವೂ ಬೆಳಗ್ಗೆ ಸಂಜೆ ಗಂಜಿ ತಂದುಕೊಟ್ಟು ನೋಡಿಕೊಂಡವರು ಪಕ್ಕದ ಮನೆಯ ಹಿಂದೂ ಕುಟುಂಬದವರು. ಅಜ್ಜಿ ನಮ್ಮನ್ನು ದೂರಲಿಲ್ಲ. ಗುರಿಕಾರರನ್ನು ನೋಡಿ, “ಬಾ ಮಗಾ, ಕೂತುಕೋ. ರಸೀದಿ ಆಮೇಲೆ ಬರಿ” ಎಂದಷ್ಟೇ ಹೇಳಿದರು. ಆ ಮಾತು ನಮ್ಮನ್ನು ಬಹಳ ದಿನ ಕಾಡಿತು. ವಂತಿಗೆಯ ಪುಸ್ತಕ ಇಲ್ಲದೆಯೂ ನಾವು ಆ ಮನೆಗೆ ಹೋಗಬಹುದಾಗಿತ್ತಲ್ಲವೇ?

ಆದಿ ಧರ್ಮಸಭೆಯಲ್ಲೂ ಈ ಕೊರತೆ ಇತ್ತು

ಪ್ರೇಷಿತರ ಕಾರ್ಯಕಲಾಪಗಳ ಗ್ರಂಥವನ್ನು ಓದುವಾಗ ಆದಿ ಕ್ರೈಸ್ತರು ತಮ್ಮಲ್ಲಿದ್ದುದನ್ನೆಲ್ಲ ಹಂಚಿಕೊಂಡು ಬಾಳಿದ ಚಿತ್ರ ನಮ್ಮ ಕಣ್ಣಮುಂದೆ ಬರುತ್ತದೆ. ಆದರೆ ಅದೇ ಗ್ರಂಥದ ಆರನೆಯ ಅಧ್ಯಾಯದಲ್ಲಿ ಒಂದು ದೂರು ಕೂಡ ಇದೆ. ಪ್ರತಿದಿನದ ಆಹಾರ ಹಂಚಿಕೆಯಲ್ಲಿ ಗ್ರೀಕ್ ಭಾಷೆಯ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬುದೇ ಆ ದೂರು. ಪ್ರೇಷಿತರು ದೂರಿದವರ ಮೇಲೆ ಸಿಟ್ಟಾಗಲಿಲ್ಲ, ಮಾತನ್ನು ತೇಲಿಸಿಬಿಡಲೂ ಇಲ್ಲ. ಎಲ್ಲರನ್ನೂ ಕರೆದು ಈ ಕೆಲಸಕ್ಕೆಂದೇ ಏಳು ಮಂದಿಯನ್ನು ಆರಿಸುವಂತೆ ಹೇಳಿದರು. ಆರಿಸಲ್ಪಟ್ಟ ಏಳು ಜನರ ಹೆಸರುಗಳೂ ಗ್ರೀಕ್ ಹೆಸರುಗಳೇ ಎಂಬುದನ್ನು ಗಮನಿಸಬೇಕು.

ಇದರಿಂದ ನಾವು ಕಲಿಯುವುದು ಎರಡು ಪಾಠ. ಪವಿತ್ರಾತ್ಮರಿಂದ ತುಂಬಿದ ಸಮುದಾಯದಲ್ಲೂ ಕೆಲವರು ಕಣ್ಣಿಗೆ ಬೀಳದೆ ಉಳಿದುಬಿಡಬಹುದು. ಇನ್ನೊಂದು, ಅಂಥವರ ಕಾಳಜಿ ತಾನಾಗಿಯೇ ನಡೆಯುವುದಿಲ್ಲ. ಯಾರು, ಯಾವಾಗ, ಯಾರ ಮನೆಗೆ ಎಂದು ಕುಳಿತು ನಿರ್ಧರಿಸಬೇಕಾಗುತ್ತದೆ.

ಧೈರ್ಯ ತುಂಬಿದ ಬಾರ್ನಬರು

ಸಹವಿಶ್ವಾಸಿಗಳನ್ನು ಪ್ರೋತ್ಸಾಹಿಸುವುದು ಎಂದರೇನು ಎಂಬುದಕ್ಕೆ ಸಂತ ಬಾರ್ನಬರಿಗಿಂತ ಒಳ್ಳೆಯ ಉದಾಹರಣೆ ಬೇಡ. ಸೈಪ್ರಸ್ ದ್ವೀಪದ ಈ ಲೇವಿಯನ ನಿಜವಾದ ಹೆಸರು ಜೋಸೆಫ್. ಧೈರ್ಯ ತುಂಬುವವನು ಎಂಬ ಅರ್ಥದ ‘ಬಾರ್ನಬ’ ಎಂಬ ಹೆಸರನ್ನು ಅವರಿಗೆ ಕೊಟ್ಟವರು ಪ್ರೇಷಿತರು (ಪ್ರೇಷಿತರ ಕಾರ್ಯಕಲಾಪಗಳು 4:36). ಇಲ್ಲಿ ಬಳಕೆಯಾಗಿರುವ ‘ಪರಾಕ್ಲೆಸಿಸ್’ ಎಂಬ ಗ್ರೀಕ್ ಪದಕ್ಕೆ ಸಾಂತ್ವನ, ಧೈರ್ಯ, ಬುದ್ಧಿಮಾತು ಎಂಬ ಅರ್ಥಗಳೆಲ್ಲ ಇವೆ. ಸಂತ ಯೊವಾನ್ನರ ಶುಭಸಂದೇಶದಲ್ಲಿ ಪವಿತ್ರಾತ್ಮರಿಗೆ ಇರುವ ಹೆಸರೂ ಇದೇ ಮೂಲದಿಂದ ಬಂದದ್ದು. ಬಳಿಗೆ ಕರೆಯುವುದು, ಪಕ್ಕದಲ್ಲಿ ನಿಲ್ಲುವುದು ಅದರ ತಿರುಳು. ಹಾಗಾದರೆ ಪ್ರೋತ್ಸಾಹವೆಂದರೆ ದೂರದಿಂದ ಹೇಳುವ ಹಿತನುಡಿಯಲ್ಲ, ಹತ್ತಿರ ಹೋಗಿ ನಿಲ್ಲುವುದು.

ಬಾರ್ನಬರು ಮಾಡಿದ್ದೂ ಅದನ್ನೇ. ಮನಪರಿವರ್ತನೆ ಹೊಂದಿದ ಸೌಲನು ಜೆರುಸಲೇಮಿಗೆ ಬಂದಾಗ ಶಿಷ್ಯರೆಲ್ಲ ಅವನನ್ನು ಕಂಡು ಹೆದರಿದರು. ನಿನ್ನೆಯವರೆಗೆ ಕ್ರೈಸ್ತರನ್ನು ಹಿಡಿದು ಸೆರೆಗೆ ಹಾಕುತ್ತಿದ್ದವನನ್ನು ಯಾರು ತಾನೆ ನಂಬುತ್ತಾರೆ? ಆಗ ಬಾರ್ನಬರು ಅವನನ್ನು ಜೊತೆಯಲ್ಲಿ ಕರೆದುಕೊಂಡು ಹೋಗಿ ಪ್ರೇಷಿತರ ಮುಂದೆ ಅವನ ಪರವಾಗಿ ಮಾತನಾಡಿದರು. ಮುಂದೆ ಅಂತಿಯೋಕ್ಯದಲ್ಲಿ ಸಭೆ ಬೆಳೆಯುತ್ತಿದ್ದಾಗ ತಾರ್ಸಕ್ಕೆ ಹೋಗಿ ಸೌಲನನ್ನು ಹುಡುಕಿ ಕರೆತಂದರು. ಇಬ್ಬರೂ ಒಂದು ವರ್ಷ ಅಲ್ಲಿ ಬೋಧಿಸಿದರು. ಶಿಷ್ಯರಿಗೆ ಕ್ರೈಸ್ತರು ಎಂಬ ಹೆಸರು ಮೊದಲು ಬಂದದ್ದು ಅದೇ ಊರಿನಲ್ಲಿ (11:25-26).

ಮಾರ್ಕನ ವಿಷಯದಲ್ಲೂ ಹಾಗೆಯೇ ಆಯಿತು. ಮೊದಲ ಪ್ರಯಾಣದಲ್ಲಿ ಅರ್ಧದಲ್ಲೇ ಬಿಟ್ಟು ಮನೆಗೆ ಮರಳಿದ ಯುವಕ ಅವನು. ಅಂಥವನನ್ನು ಮತ್ತೆ ಕರೆದೊಯ್ಯುವುದು ಬೇಡ ಎಂದರು ಪೌಲರು. ಬಾರ್ನಬರು ಒಪ್ಪಲಿಲ್ಲ. ಇಬ್ಬರೂ ಬೇರೆ ಬೇರೆ ದಾರಿ ಹಿಡಿಯುವಷ್ಟು ಜಗಳವಾಯಿತು. ಬಾರ್ನಬರು ಮಾರ್ಕನನ್ನು ಕರೆದುಕೊಂಡು ಸೈಪ್ರಸ್ಸಿಗೆ ಹೋದರು. ಆದರೆ ತಿಮೊಥೇಯನಿಗೆ ಬರೆದ ಎರಡನೆಯ ಪತ್ರದಲ್ಲಿ ಮಾರ್ಕನನ್ನು ತನ್ನ ಬಳಿಗೆ ಕರೆತರುವಂತೆಯೂ ಅವನು ತನಗೆ ಉಪಯುಕ್ತನೆಂದೂ ಪೌಲರೇ ತಿಳಿಸುತ್ತಾರೆ (4:11). ಒಮ್ಮೆ ಸೋತವನಿಗೆ ಇನ್ನೊಂದು ಅವಕಾಶ ಕೊಟ್ಟಿದ್ದರ ಫಲ ಇದು.

ನಮ್ಮ ಧರ್ಮಕೇಂದ್ರಗಳಲ್ಲೂ ಇಂಥ ಮಾರ್ಕರಿದ್ದಾರೆ. ವಾಚನ ಓದುವಾಗ ತಡವರಿಸಿದ ಹುಡುಗಿ, ಗಾಯನ ಮಂಡಳಿಯಲ್ಲಿ ಶ್ರುತಿ ತಪ್ಪಿದ ಹುಡುಗ, ಸಂಘದ ಲೆಕ್ಕಪತ್ರದಲ್ಲಿ ಎಡವಿದ ಕಾರ್ಯದರ್ಶಿ. ‘ಇನ್ನು ಇವರಿಗೆ ಕೊಡುವುದು ಬೇಡ’ ಎಂದು ಹೇಳಲು ಒಂದು ನಿಮಿಷ ಸಾಕು. ಆ ಒಂದು ಮಾತಿಗೆ ಒಂದು ಮನೆಯೇ ಚರ್ಚಿನಿಂದ ದೂರವಾದದ್ದನ್ನು ನಾವು ಕಂಡಿದ್ದೇವೆ.

ಎಲ್ಲರಿಗೂ ಒಂದೇ ಮದ್ದು ಅಲ್ಲ

ಸಂತ ಪೌಲರು ಥೆಸಲೋನಿಯದವರಿಗೆ ಬರೆದ ಮೊದಲ ಪತ್ರದಲ್ಲಿ (5:14) ಒಂದು ಸೂಕ್ಷ್ಮವಿದೆ. ಶಿಸ್ತಿಲ್ಲದೆ ಕೆಲಸಗೇಡಿಗಳಾಗಿ ಅಲೆಯುವವರಿಗೆ ಎಚ್ಚರಿಕೆ, ಎದೆಗುಂದಿದವರಿಗೆ ಧೈರ್ಯ, ಬಲಹೀನರಿಗೆ ಆಸರೆ, ಎಲ್ಲರ ವಿಷಯದಲ್ಲೂ ತಾಳ್ಮೆ ಬೇಕೆಂದು ಅವರು ತಿಳಿಸುತ್ತಾರೆ. ನಾವು ಎಡವುವುದು ಇಲ್ಲಿಯೇ. ಆಸರೆ ಬೇಕಾದವರಿಗೆ ಉಪದೇಶ ಕೊಡುತ್ತೇವೆ. ಧೈರ್ಯ ಬೇಕಾದವರನ್ನು ಗದರುತ್ತೇವೆ.

ಗಲ್ಫಿನಲ್ಲಿ ಕೆಲಸ ಕಳೆದುಕೊಂಡು ಊರಿಗೆ ಮರಳಿದ ತಂದೆಗೆ ‘ದೇವರ ಚಿತ್ತ’ ಎಂಬ ಮಾತಿಗಿಂತ ಹೆಚ್ಚು ಬೇಕಾದದ್ದು ಇಲ್ಲಿ ಎಲ್ಲಿ ಕೆಲಸವಿದೆ ಎಂಬ ಮಾಹಿತಿ, ಮಕ್ಕಳ ಶಾಲಾ ಶುಲ್ಕಕ್ಕೆ ಸದ್ದಿಲ್ಲದ ಸಹಾಯ. ಮಕ್ಕಳೆಲ್ಲ ವಿದೇಶದಲ್ಲಿದ್ದು ದೊಡ್ಡ ಮನೆಯಲ್ಲಿ ಇಬ್ಬರೇ ಇರುವ ವೃದ್ಧರಿಗೆ ಹಣದ ಕೊರತೆ ಇಲ್ಲದಿರಬಹುದು. ಅವರಿಗೆ ಬೇಕಾದದ್ದು ಆಸ್ಪತ್ರೆಗೆ ಜೊತೆಯಲ್ಲಿ ಬರುವ ಒಬ್ಬರು, ಜೊತೆಗೆ ಕೂತು ತೇರ್ಸ್ ಹೇಳುವ ನೆರೆಯವರು. ಕುಡಿತಕ್ಕೆ ಬಿದ್ದವನ ಹೆಂಡತಿಗೆ ಬೇಕಾದದ್ದು ಅವಳ ಮಾತನ್ನು ಕೇಳಿ ಹೊರಗೆ ಆಡದಿರುವ ಒಂದು ಕಿವಿ.

ಮರಣದ ಮನೆಯ ವಿಷಯದಲ್ಲಿ ನಮ್ಮ ಕರಾವಳಿಯ ಜನ ಉದಾರಿಗಳು. ಗಂಟೆಯ ಸದ್ದು ಕೇಳಿದರೆ ಕೆಲಸ ಬಿಟ್ಟು ಓಡುತ್ತೇವೆ. ಚಪ್ಪರ, ಅಡುಗೆ, ಪ್ರಾರ್ಥನೆ ಎಲ್ಲಕ್ಕೂ ಕೈಜೋಡಿಸುತ್ತೇವೆ. ಆದರೆ ತಿಂಗಳ ಪೂಜೆ ಮುಗಿದು, ಬಂದ ನೆಂಟರು ಹೋದ ಮೇಲೆ ಆ ಮನೆಯಲ್ಲಿ ನಿಜವಾದ ಮೌನ ಶುರುವಾಗುತ್ತದೆ. ಎರಡನೆಯ, ಮೂರನೆಯ ತಿಂಗಳಲ್ಲಿ ಆ ಮನೆಯ ಮೆಟ್ಟಿಲು ಹತ್ತುವವರು ಎಷ್ಟು ಜನ?

ಇದು ಧರ್ಮಗುರುಗಳೊಬ್ಬರ ಕೆಲಸವೇ?

‘ಫಾದರ್ ಮನೆಗೆ ಬರಲಿಲ್ಲ’ ಎಂಬ ದೂರು ನಮ್ಮಲ್ಲಿ ಸಾಮಾನ್ಯ. ಧರ್ಮಕೇಂದ್ರದ ಗುರುಗಳು ಕುಟುಂಬಗಳನ್ನು ಭೇಟಿ ಮಾಡಿ ಅವರ ಚಿಂತೆ ದುಃಖಗಳಲ್ಲಿ ಪಾಲುಗೊಳ್ಳಬೇಕು, ಬಡವರನ್ನು, ನೊಂದವರನ್ನು, ಒಂಟಿಯಾದವರನ್ನು ವಿಶೇಷವಾಗಿ ಹುಡುಕಬೇಕು ಎಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 529ನೇ ವಿಧಿ ತಿಳಿಸುತ್ತದೆ ನಿಜ. ಆದರೆ ನೂರಾರು ಕುಟುಂಬಗಳಿರುವ ಕಡೆ ಗುರುಗಳೊಬ್ಬರೇ ಎಲ್ಲರ ಕಷ್ಟ ತಿಳಿಯುವುದು ಹೇಗೆ? ನಾವು ತಿಳಿಸಿದರೆ ತಾನೆ ಅವರಿಗೆ ಗೊತ್ತಾಗುವುದು? ಶ್ರೀಸಾಮಾನ್ಯರ ಪ್ರೇಷಿತಕಾರ್ಯಕ್ಕೆ ದೀಕ್ಷಾಸ್ನಾನ ಮತ್ತು ದೃಢೀಕರಣವೇ ಆಧಾರವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಸ್ಪಷ್ಟಪಡಿಸಿದೆ.

ಪ್ಯಾರಿಸ್ ನಗರದಲ್ಲಿ 1833ರಲ್ಲಿ ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯನ್ನು ಸಂಗಡಿಗರೊಡನೆ ಆರಂಭಿಸಿದಾಗ ಫ್ರೆಡರಿಕ್ ಒಝಾನಾಮ್ ಇಪ್ಪತ್ತು ವರ್ಷದ ವಿದ್ಯಾರ್ಥಿ. ಅವರು ಗುರುಗಳಾಗಿರಲಿಲ್ಲ, ಶ್ರೀಮಂತರೂ ಆಗಿರಲಿಲ್ಲ. ಬಡವರನ್ನು ತಮ್ಮ ಬಳಿ ಕರೆಸಿಕೊಳ್ಳದೆ, ತಾವೇ ಅವರ ಮನೆಗೆ ಹೋಗುವುದನ್ನು ಮುಖ್ಯ ಕೆಲಸವಾಗಿ ಮಾಡಿಕೊಂಡರು. ಜಗದ್ಗುರು ಎರಡನೇ ಜಾನ್ ಪಾವ್ಲರು 1997ರಲ್ಲಿ ಅವರನ್ನು ಪುನೀತರ ಸಾಲಿಗೆ ಸೇರಿಸಿದರು. ಆ ಸಭೆಯ ಸದಸ್ಯರು ಇಂದಿಗೂ ಮನೆಭೇಟಿಯನ್ನೇ ಮುಖ್ಯವಾಗಿ ಪಾಲಿಸುತ್ತಾರೆ.

ನಮ್ಮಲ್ಲಿ ಇದಕ್ಕೆ ಕಿರು ಕ್ರೈಸ್ತ ಸಮುದಾಯಗಳಿವೆ. ವಾಳೆಯ ಮನೆಗಳು ಒಟ್ಟಾಗಿ ಶುಭಸಂದೇಶ ಓದಲು ಹಲವೆಡೆ ಬಳಸುವ ಏಳು ಹಂತಗಳ ಕ್ರಮ ದಕ್ಷಿಣ ಆಫ್ರಿಕಾದ ಲುಮ್ಕೊ ಸಂಸ್ಥೆಯಿಂದ ಬಂದದ್ದು. ಅದರ ಆರನೆಯ ಹಂತದಲ್ಲಿ, ಓದಿದ ವಾಕ್ಯದ ಬೆಳಕಿನಲ್ಲಿ ನಾವು ಮಾಡಬೇಕಾದ ಕೆಲಸ ಯಾವುದು, ಅದನ್ನು ಯಾರು ಯಾವಾಗ ಮಾಡುತ್ತಾರೆ ಎಂದು ಚರ್ಚಿಸಬೇಕು. ಹೆಚ್ಚಾಗಿ ನಾವು ಹಾರಿಸಿಬಿಡುವುದು ಇದೇ ಹಂತವನ್ನು. ಪ್ರಾರ್ಥನೆ ಮುಗಿಸಿ, ಚಾ ಕುಡಿದು ಹೊರಡುತ್ತೇವೆ.

ನಾವು ಏನು ಮಾಡಬಹುದು?

1. ವಾಳೆಯ ಸಭೆಯಲ್ಲಿ ಹತ್ತು ನಿಮಿಷ ಮೀಸಲಿಡೋಣ. ಕಳೆದ ತಿಂಗಳು ಯಾರು ಕಾಣಲಿಲ್ಲ, ಯಾರ ಮನೆಯಲ್ಲಿ ಕಾಯಿಲೆ ಇದೆ ಎಂದು ಕೇಳಿ, ಇಬ್ಬಿಬ್ಬರಂತೆ ಹೋಗಲು ಹೆಸರು ಗೊತ್ತುಮಾಡೋಣ.

2. ಹೋಗುವ ಮೊದಲು ಫೋನ್ ಮಾಡೋಣ. ರೋಗಿಯ ಬಳಿ ಹದಿನೈದು ಇಪ್ಪತ್ತು ನಿಮಿಷ ಸಾಕು. ಆಸ್ಪತ್ರೆಯ ಬಿಲ್ಲು, ಮಕ್ಕಳ ಸಂಬಳ ವಿಚಾರಿಸುವುದು ಬೇಡ. ಹೆಚ್ಚು ಕೇಳೋಣ, ಕಡಿಮೆ ಮಾತನಾಡೋಣ.

3. ‘ಏನಾದರೂ ಬೇಕಿದ್ದರೆ ಹೇಳಿ’ ಎಂದರೆ ಸ್ವಾಭಿಮಾನವುಳ್ಳ ಯಾರೂ ಹೇಳುವುದಿಲ್ಲ. ‘ನಾಳೆ ಪೇಟೆಗೆ ಹೋಗುತ್ತೇನೆ, ನಿಮ್ಮ ಮದ್ದಿನ ಚೀಟಿ ಕೊಡಿ’ ಎಂದರೆ ಕೊಡುತ್ತಾರೆ.

4. ಚರ್ಚಿಗೆ ಬರಲಾಗದವರ ಹೆಸರನ್ನು ಗುರುಗಳಿಗೆ ತಿಳಿಸೋಣ. ಪರಮಪ್ರಸಾದ ಹಂಚಲು ನೇಮಕಗೊಂಡ ಶ್ರೀಸಾಮಾನ್ಯರೂ ಅದನ್ನು ರೋಗಿಗಳ ಮನೆಗೆ ಒಯ್ಯಲು 1973ರಿಂದ ಧರ್ಮಸಭೆಯ ಅನುಮತಿಯಿದೆ. ರೋಗಿಗಳ ಅಭ್ಯಂಗ ಸಂಸ್ಕಾರಕ್ಕೆ ಗುರುಗಳನ್ನು ಕರೆದರೆ ಸಾವು ಹತ್ತಿರ ಬಂತು ಎಂಬ ಭಯ ಬೇಡ. ಅದು ಸಾಯುವ ಗಳಿಗೆಯವರಿಗೆ ಮಾತ್ರವಲ್ಲ ಎಂದು ಮಹಾಸಭೆ 1963ರಲ್ಲೇ ಹೇಳಿದೆ.

5. ತಪ್ಪು ಕಂಡರೆ, ಯೇಸುಸ್ವಾಮಿ ಕಲಿಸಿದಂತೆ (ಮತ್ತಾಯ 18:15) ಮೊದಲು ಅವರೊಡನೆ ಒಬ್ಬರೇ ಮಾತನಾಡೋಣ. ಚರ್ಚ್ ಮೆಟ್ಟಿಲ ಮೇಲೆ ಹರಡಿದ ಮಾತು ಯಾರನ್ನೂ ತಿದ್ದಿದ್ದಿಲ್ಲ.

6. ನಮ್ಮ ಮಿತಿಯನ್ನೂ ಅರಿತಿರೋಣ. ಬದುಕೇ ಬೇಡ ಎನ್ನುವವರಿಗೆ, ಕುಡಿತ ಬಿಡಲಾಗದವರಿಗೆ ಪ್ರಾರ್ಥನೆಯೊಂದಿಗೆ ವೈದ್ಯರೂ ಬೇಕು. ಸರಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 2022ರಲ್ಲಿ ಆರಂಭವಾಗಿದೆ. ಅದರ ಸಂಖ್ಯೆ 14416. ಮೊದಲ ಸಲ ವೈದ್ಯರಲ್ಲಿಗೆ ಹೋಗುವಾಗ ಜೊತೆಯಲ್ಲಿ ಹೋಗುವುದೇ ದೊಡ್ಡ ಉಪಕಾರ.

ತೆನೆಯನ್ನು ಹಂಚುವ ನಾವು

ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಆಶೀರ್ವದಿಸಿದ ತೆನೆಯನ್ನು ಮನೆಗೆ ತಂದು, ಹೊಸ ಅಕ್ಕಿಯನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಯವರೆಲ್ಲ ಸೇವಿಸುತ್ತೇವೆ. ದೂರದೂರಿನಲ್ಲಿ ಇರುವವರಿಗೆ ಲಕೋಟೆಯಲ್ಲಿ ಕಾಳು ಕಳುಹಿಸುವ ರೂಢಿಯೂ ಇದೆ. ಬಾರದಿದ್ದರೂ ಅವರು ನಮ್ಮವರು, ಅವರ ಪಾಲು ಇಲ್ಲಿದೆ ಎಂಬುದು ಅದರ ಅರ್ಥ. ಮನೆಯೊಳಗೆ ನಾವು ಪಾಲಿಸುವ ಈ ನಿಯಮ ಧರ್ಮಕೇಂದ್ರಕ್ಕೂ ಅನ್ವಯಿಸಬೇಡವೇ?

ಆ ಅಜ್ಜಿ ಈಗ ಕೋಲು ಹಿಡಿದು ನಡೆಯುತ್ತಾರೆ. ವಾಳೆಯ ಯುವಕರು ಸರದಿಯಂತೆ ರಿಕ್ಷಾದಲ್ಲಿ ಅವರನ್ನು ಪೂಜೆಗೆ ಕರೆತರುತ್ತಾರೆ. ಗಂಜಿ ಕೊಟ್ಟ ನೆರೆಮನೆಯವರಿಗೆ ನಾವು ಹೋಗಿ ಕೃತಜ್ಞತೆ ಹೇಳಿ ಬಂದೆವು. ಅವರಿಂದ ನಾವು ಕಲಿತದ್ದು ಬಹಳ.

ಪ್ರಿಯ ಓದುಗರೇ, ಬರುವ ಭಾನುವಾರ ಪೂಜೆ ಮುಗಿದ ಮೇಲೆ ಒಮ್ಮೆ ಬೆಂಚುಗಳ ಕಡೆ ಕಣ್ಣು ಹಾಯಿಸೋಣ. ಯಾರ ಜಾಗ ಖಾಲಿಯಿದೆಯೋ ನೋಡಿ, ಮನೆಗೆ ಹೋಗುವ ದಾರಿಯಲ್ಲಿ ಆ ಮನೆಯ ಬಾಗಿಲು ತಟ್ಟೋಣ. ಕೈಯಲ್ಲಿ ರಸೀದಿ ಪುಸ್ತಕ ಇಲ್ಲದೆ.